ಪ್ರವಚನ ಕೇಳುವ ವೈನಿ

ನಿಗಡಿ, ಪುಣೆ
14 ಜೂನ್ 2025

ಭೀಮವ್ವ ಅವರಿಗೆ ನಮಸ್ಕಾರ.

ನಾನು ಶೈಲಶ್ರೀ. ಎರಡು ವರ್ಷದಿಂದ ನಿಮ್ಮ ಫೋನಿನಲ್ಲಿ ಸಮಾಜಶಾಸ್ತ್ರದ ಪಾಠ ಹೇಳುತ್ತಿರುವ ದನಿ ನನ್ನದೇ. ಕಾಲೇಜಿಗೆ ಕಳಿಸದ ಮನೆಗಳ ಹೆಣ್ಣುಮಕ್ಕಳಿಗಾಗಿ ನಮ್ಮ ಸಂಸ್ಥೆ ನಡೆಸುವ ಈ ಆನ್‌ಲೈನ್ ಬಿ.ಎ.ಯಲ್ಲಿ, ಕೊನೆಯ ವರ್ಷಕ್ಕೆ ಬಂದವರಿಗೆ ಒಬ್ಬೊಬ್ಬ ಮಾರ್ಗದರ್ಶಕಿಯನ್ನು ಕೊಡುತ್ತಾರೆ. ನಿಮ್ಮ ಪಾಲಿಗೆ ನಾನು ಬಂದಿದ್ದೇನೆ, ಸಹಿಸಿಕೊಳ್ಳಿ.

ನೀವು ಯಾವ ಊರಿನವರು, ಯಾರ ಮನೆಯವರು ಎಂದು ನಾನು ಕೇಳುವಂತಿಲ್ಲ. ನಿಮ್ಮ ಫೋಟೋ ನನಗೆ ಕಾಣುವುದಿಲ್ಲ, ತರಗತಿಯಲ್ಲಿ ನಿಮ್ಮ ದನಿಯೂ ಕೇಳುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಮನೆಯವರು ನೋಡುತ್ತಾರೆಂದು ಎಷ್ಟೋ ಜನ ಹೇಳಿದ ಮೇಲೆ, ಪಾಠದ ಆ್ಯಪ್‌ನೊಳಗೇ ಹೀಗೆ ಪತ್ರ ಬರೆಯುವ ಅನುಕೂಲ ಮಾಡಿದ್ದಾರೆ. ಮನಸ್ಸು ಬಿಚ್ಚಿ ಬರೆಯಿರಿ.

ಕುಟುಂಬದ ಬಗ್ಗೆ ನೀವು ಬರೆದ ಪ್ರಬಂಧ ಓದಿದೆ. ಉಳಿದವರೆಲ್ಲ ನನ್ನ ಪಾಠವನ್ನೇ ನನಗೆ ತಿರುಗಿ ಬಡಿಸಿದ್ದಾರೆ. ನೀವು ಮಾತ್ರ, ಮನೆಯೊಳಗಿನ ಸುದ್ದಿ ಬೇಕಾದರೆ ಎಲ್ಲರಿಗಿಂತ ಕೊನೆಗೆ ಉಣ್ಣುವವರನ್ನು ಕೇಳಬೇಕು ಎಂದು ಬರೆದಿದ್ದೀರಿ. ಇದನ್ನು ನಾನು ಎಲ್ಲೂ ಹೇಳಿಲ್ಲ. ಓದಿ ಬಹಳ ಖುಷಿಯಾಯಿತು.

ಹೆಸರು ನೋಡಿದರೆ ನಿಮಗೆ ಐವತ್ತು ದಾಟಿರಬೇಕು, ಯಾದಗಿರಿ ಕಡೆಯ ಯಾವುದೋ ಹಳ್ಳಿ ಇರಬೇಕು ಅನಿಸುತ್ತದೆ. ನಾನು ಕೇಳುತ್ತಿಲ್ಲ, ಊಹಿಸುತ್ತಿದ್ದೇನೆ. ಊಹಿಸಬಾರದೆಂದು ನಿಯಮವಿಲ್ಲ.

ಈಗ ಮುಖ್ಯ ವಿಷಯ. ಕೊನೆಯ ಪರೀಕ್ಷೆ ಅಕ್ಟೋಬರ್ 12ಕ್ಕೆ. ಇಷ್ಟು ದಿನ ಬರೆದು ಕಳಿಸಿದರೆ ಸಾಕಿತ್ತು. ಇದಕ್ಕೆ ಕ್ಯಾಮೆರಾ ಹಚ್ಚಿಟ್ಟುಕೊಂಡು ಮೂರು ತಾಸು ಕೂಡಬೇಕು. ಮುಖ ಕಾಣಬೇಕು, ಕೋಣೆಯಲ್ಲಿ ಇನ್ನೊಬ್ಬರು ಇರಬಾರದು. ಹೋದ ವರ್ಷ ಒಬ್ಬಾಕೆಯ ಮಾವ ಕನ್ನಡಕ ಹುಡುಕಿಕೊಂಡು ಒಳಗೆ ಬಂದರೆಂದು ಅವಳ ಪರೀಕ್ಷೆಯೇ ರದ್ದಾಯಿತು. ತಪ್ಪಿದರೆ ಮತ್ತೆ ಮೊದಲ ವರ್ಷದಿಂದ ಶುರು. ಆದ್ದರಿಂದ ಈಗಲೇ ಮನೆಯಲ್ಲಿ ಬಾಯಿ ಬಿಟ್ಟು ಹೇಳಿ. ಮುಚ್ಚಿಟ್ಟುಕೊಂಡು ಓದುವ ಕಾಲವೇ ಇದು?

ಇಂತಿ,
ಶೈಲಶ್ರೀ

26 ಜೂನ್ 2025

ಮೇಡಂ ಅವರಿಗೆ ಭೀಮವ್ವ ಮಾಡುವ ನಮಸ್ಕಾರಗಳು.

ಉತ್ತರ ತಡವಾಯಿತು. ನಾಲ್ಕು ದಿನ ಮನೆ ತುಂಬ ಜನ, ಜೋಳದ ಭಾಕ್ರಿ ಬಡಿದು ಬಡಿದು ಅಂಗೈ ಕೆಂಪಾಗಿದೆ.

ನನಗೆ ಐವತ್ತಲ್ಲ, ಮೂವತ್ತೊಂದು. ಭೀಮವ್ವ ನನ್ನ ಅಜ್ಜಿಯ ಹೆಸರು. ಅವಳು ತೀರಿಕೊಂಡ ವರ್ಷ ನಾನು ಹುಟ್ಟಿದೆ, ಹೆಸರು ನನಗೆ ಬಂತು.

ಹೇಗೆ ಓದುತ್ತೀರಿ ಎಂದು ಮೊದಲ ಪಾಠದಲ್ಲಿ ಎಲ್ಲರನ್ನೂ ಕೇಳಿದ್ದಿರಿ. ಆಗ ಬರೆಯಲಿಲ್ಲ. ಫೋನು ಮಗನ ಶಾಲೆಯ ಸಲುವಾಗಿ ಕೊಡಿಸಿದ್ದು. ಅವನು ಶಾಲೆಗೆ ಹೋದ ಮೇಲೆ ಹಿಟ್ಟಿನ ಡಬ್ಬಿಗೆ ಆನಿಸಿ ಇಡುತ್ತೇನೆ. ಕಿವಿಯಲ್ಲಿ ಇಯರ್‌ಫೋನ್, ಮೇಲೆ ಸೆರಗು. ಭಾಕ್ರಿ ಬಡಿಯುವ ಸಪ್ಪಳದಲ್ಲಿ ನಿಮ್ಮ ಒಂದೆರಡು ಮಾತು ತಪ್ಪಿಹೋಗುತ್ತವೆ. ಆಮೇಲೆ ಮತ್ತೆ ಕೇಳಿಸಿಕೊಳ್ಳುತ್ತೇನೆ.

ಮನೆಯವರು ಕೆಟ್ಟವರಲ್ಲ ಮೇಡಂ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಉಣ್ಣಲು ಉಡಲು ಕಡಿಮೆಯಿಲ್ಲ. ಮದುವೆಯಾದ ವರ್ಷ ಬಿ.ಎ.ಗೆ ಹೆಸರು ಹಚ್ಚುತ್ತೇನೆ ಎಂದಿದ್ದೆ. ಅತ್ತೆಯವರು, "ಈ ಮನ್ಯಾಗ ಒಬ್ಬಾಕಿ ಕಲತಾಳ, ಸಾಕು. ಅಕೀನ ಕಲಿಸಿ ಕೊಟ್ಟ ಮ್ಯಾಲೆ ಮನ್ಯಾಗ ಕೈ ಕಡಿಮಿ ಆಗ್ಯಾವ. ನೀನೂ ಪುಸ್ತಕ ಹಿಡದರ ಒಲಿ ಮುಂದ ಯಾರು ಕೂಡಬೇಕು?" ಎಂದರು. ನಗುತ್ತಲೇ ಅಂದರು. ಒಬ್ಬಾಕಿ ಅಂದರೆ ನನ್ನ ನಾದಿನಿ. ದೊಡ್ಡ ಓದು ಓದಿದ್ದಾರೆ.

ಪರೀಕ್ಷೆಗೆ ಬಾಗಿಲು ಹಾಕಿಕೊಂಡು ಮೂರು ತಾಸು ಅಂದಿರಿ. ಈ ಮನೆಯಲ್ಲಿ ನಾನು ಬಾಗಿಲು ಹಾಕಿಕೊಳ್ಳುವುದು ಸ್ನಾನಕ್ಕೆ ಮಾತ್ರ.

ಭೀಮವ್ವ

ನಿಗಡಿ
2 ಜುಲೈ 2025

ಪ್ರಿಯ ಭೀಮವ್ವ,

ಮೂವತ್ತೊಂದು ಎಂದು ಓದಿ ನನ್ನ ಮುಖ ಸಣ್ಣದಾಯಿತು. ನನಗಿಂತ ಮೂರು ವರ್ಷ ಚಿಕ್ಕವರು. ಆದರೂ ಹಳ್ಳಿಯ ವಿಷಯದಲ್ಲಿ ನನ್ನ ಊಹೆ ಸರಿಯೇ ಇರಬೇಕು, ಅದನ್ನು ಬಿಟ್ಟುಕೊಡುವುದಿಲ್ಲ.

ನಿಮ್ಮ ಅತ್ತೆಯ ಮಾತಿಗಿಂತ ನನಗೆ ಸಿಟ್ಟು ಬಂದದ್ದು ಆ ನಾದಿನಿಯ ಮೇಲೆ. ತಾನು ದೊಡ್ಡ ಓದು ಓದಿದವಳು. ತವರಿಗೆ ಬಂದಾಗ ಒಲೆಯ ಮುಂದೆ ಕೂತವಳು ಯಾರು, ಅವಳಿಗೇನು ಆಸೆ ಎಂದು ಒಂದು ಸಲ ಕೇಳಬಾರದೇ? ಓದಿದ ಹೆಂಗಸೇ ಹೀಗೆ ಕಣ್ಣು ಮುಚ್ಚಿಕೊಂಡು ಕೂತರೆ ನಾವು ಹೊರಗಿನವರು ಎಷ್ಟು ಒದ್ದಾಡಿದರೇನು? ಇಂಥವರ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತದೆ.

ಆದರೆ ನಿಮ್ಮ ಕೆಲಸ ಅವಳಿಂದಲೇ ಆಗಬೇಕು. ಮಗಳ ಮಾತನ್ನು ನಿಮ್ಮ ಅತ್ತೆ ತೆಗೆದುಹಾಕುವುದಿಲ್ಲ. ಪಂಚಮಿ ಬಂತಲ್ಲ, ತವರಿಗೆ ಬಂದೇ ಬರುತ್ತಾಳೆ. ನಾನೂ ಹೋಗುವವಳೇ. ಆಗ ಹಿಡಿದು ಕೇಳಿ.

ಶೈಲಶ್ರೀ

10 ಜುಲೈ 2025

ಮೇಡಂ,

ನಾದಿನಿ ಕೆಟ್ಟವರಲ್ಲ. ಅವರಿಗೆ ಗೊತ್ತಿಲ್ಲ ಅಷ್ಟೇ. ಪಂಚಮಿಗೆ ಬರುತ್ತಾರೆ, ನಿಜ. ನನಗೆ ಬಾಯಿ ಬರುತ್ತದೋ ಇಲ್ಲವೋ.

ಒಂದು ಕೇಳಲೇ? ಆ ನಾದಿನಿ ನೀವೇ ಆಗಿದ್ದರೆ, ನಾನು ಹೇಗೆ ಹೇಳಿದರೆ ನಿಮ್ಮ ಕಿವಿಗೆ ಬೀಳುತ್ತಿತ್ತು?

ಭೀಮವ್ವ

ನಿಗಡಿ
16 ಜುಲೈ 2025

ಪ್ರಿಯ ಭೀಮವ್ವ,

ಒಳ್ಳೆಯ ಪ್ರಶ್ನೆ. ನಾನಾಗಿದ್ದರೆ ನೀವು ಬಾಯಿ ಬಿಡುವ ಮೊದಲೇ ತಿಳಿಯುತ್ತಿತ್ತು. ಓದುವ ಹಸಿವಿದ್ದವರ ಕಣ್ಣು ಬೇರೆಯೇ ಇರುತ್ತವೆ. ಹತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ನೋಡಿದರೆ ಗುರುತು ಹಿಡಿಯುತ್ತೇನೆ.

ಎಲ್ಲರೂ ನನ್ನಂತೆ ಇರುವುದಿಲ್ಲವಲ್ಲ. ಸುತ್ತಿ ಬಳಸಿ ಹೇಳಬೇಡಿ. ಅವಳು ಒಬ್ಬಳೇ ಸಿಕ್ಕಾಗ, "ನನಗೂ ಓದಬೇಕು ಅನಸ್ತದ" ಎಂದು ಒಂದೇ ಮಾತು ಹೇಳಿ ಸುಮ್ಮನಾಗಿ. ಮುಂದಿನದು ಅವಳ ಜವಾಬ್ದಾರಿ.

ಶೈಲಶ್ರೀ

ನಿಗಡಿ
3 ಆಗಸ್ಟ್ 2025

ಪ್ರಿಯ ಭೀಮವ್ವ,

ತವರಿನಿಂದ ನಿನ್ನೆ ಬಂದೆ. ಶೇಂಗಾ ಉಂಡಿ, ಎಳ್ಳಿನ ಉಂಡಿ, ಅರಳು ತಿಂದು ಮೈ ಭಾರವಾಗಿದೆ. ನನ್ನ ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ ಇರುವುದು ನನ್ನಿಂದ ಒಂದೂವರೆ ತಾಸಿನ ದಾರಿಯಲ್ಲಿ. ಆದರೂ ಹೋಗುವುದು ವರ್ಷಕ್ಕೆ ಎರಡು ಸಲ.

ನಿಮ್ಮ ಕಥೆ ತಲೆಯಲ್ಲಿದ್ದುದರಿಂದ ಈ ಸಲ ನನ್ನ ವೈನಿಯನ್ನು ಸ್ವಲ್ಪ ಗಮನಿಸಿದೆ. ಪಾಪ, ಅವರದು ನೆಮ್ಮದಿಯ ಜೀವ. ಅವ್ವ ಹೆಮ್ಮೆಯಿಂದ ಹೇಳುತ್ತಾಳೆ, "ನಮ್ಮ ಸಪ್ನಾಗ ಭಾರೀ ಭಕ್ತಿ. ಅಡಗಿ ಮಾಡಕೋತ ದಿನಾ ಕಿವ್ಯಾಗ ಹಾಕ್ಕೊಂಡು ಪ್ರವಚನಾ ಕೇಳತಾಳ" ಎಂದು. ಯಾವ ಸ್ವಾಮಿಗಳದು ಎಂದು ನಾನು ಕೇಳಿದ್ದಕ್ಕೆ ವೈನಿ ನಕ್ಕು ಒಳಗೆ ಹೋದರು. ಓದಿನ ಗೀಳಿಲ್ಲದವರು ಎಷ್ಟು ಸುಖಿಗಳು ಅನಿಸಿತು. ಹೊತ್ತು ಹೋಗಲೆಂದು ಹಳೆಯ ವಾರಪತ್ರಿಕೆಗಳನ್ನು ಕಟ್ಟಿ, ನಿನ್ನೆ ಆ ಕಡೆ ಹೊರಟ ಪರಿಚಯದವರ ಕೈಯಲ್ಲಿ ಅವರಿಗೆ ಕಳಿಸಿಕೊಟ್ಟೆ.

ನಿಮ್ಮದು ಏನಾಯಿತು? ಹೇಳಿದಿರಾ? ಇಲ್ಲ ಅಂತ ಮಾತ್ರ ಬರೆಯಬೇಡಿ.

ಶೈಲಶ್ರೀ

7 ಆಗಸ್ಟ್ 2025

ಮೇಡಂ,

ಹೇಳಿದೆ.

ಹಿತ್ತಲ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದೆವು. ನಾದಿನಿ ಜೋಕಾಲಿಯ ಮೇಲೆ ಕೂತಿದ್ದರು, ಕೈಯಲ್ಲಿ ಶೇಂಗಾ ಉಂಡಿ. ಸುತ್ತ ಯಾರೂ ಇರಲಿಲ್ಲ. ನೀವು ಹೇಳಿಕೊಟ್ಟ ಹಾಗೆಯೇ, "ನನಗೂ ಓದಬೇಕು ಅನಸ್ತದರಿ" ಎಂದೆ.

"ಓದ್ರಿ, ಓದ್ರಿ. ಮನ್ಯಾಗ ಹಳೇ ವಾರಪತ್ರಿಕಿ ರಾಶಿ ಬಿದ್ದಾವ, ಕಳಸ್ತೀನಿ" ಎಂದರು. ಆಮೇಲೆ, "ಒಂಚೂರು ನೂಕ್ರಿ" ಎಂದರು. ನಾನು ಜೋಕಾಲಿ ನೂಕಿದೆ.

ಕಟ್ಟು ಮೊನ್ನೆ ಬಂದು ಮುಟ್ಟಿತು. ಅವರ ಮಗಳ ಶಾಲೆಯ ನೀಲಿ ರಿಬ್ಬನ್ನಿನಿಂದ ಕಟ್ಟಿದ್ದರು. ರಿಬ್ಬನ್ ಚೆನ್ನಾಗಿದೆ. ತೆಗೆದಿಟ್ಟುಕೊಂಡಿದ್ದೇನೆ.

ಭೀಮವ್ವ

ನಿಗಡಿ
7 ಆಗಸ್ಟ್ 2025, ಮಧ್ಯಾಹ್ನ

ಆ ರಿಬ್ಬನ್ ಕಟ್ಟಿದ್ದು ನಾನು.

ನನ್ನ ಮಗಳು ರಕ್ಷಿತಾಳ ಹಳೆಯ ರಿಬ್ಬನ್ ಅದು. ಸುತಳಿ ದಾರ ಸಿಗಲಿಲ್ಲವೆಂದು ಅದನ್ನೇ ಸುತ್ತಿದೆ. ಜೋಕಾಲಿಯ ಮೇಲೆ ಕೂತವಳು ನಾನು. ಮೂರು ಸಲ ಓದಿದೆ ನಿಮ್ಮ ಪತ್ರ. ಅಡಿಗೆಮನೆಯ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ.

ವೈನಿ? ಸಪ್ನಾ ವೈನಿ? ನೀವಾ?

ಯಾದಗಿರಿ ಎಂದುಕೊಂಡಿದ್ದೆನಲ್ಲ. ಸಾಸವಡ. ನನ್ನ ತವರೂರು, ನಮ್ಮದೇ ಮನೆ. ಒಲೆಯ ಮುಂದೆ ಯಾರು ಕೂಡಬೇಕು ಎಂದು ನಗುತ್ತ ಕೇಳಿದ ಅತ್ತೆ ನನ್ನ ಅವ್ವ. ನಾನು ಮೈ ಉರಿಯುತ್ತದೆ ಎಂದು ಬರೆದ ಆ ನಾದಿನಿ ನಾನೇ. ಯಾತ್ರೆಯ ಪಾಲಖಿ ಊರಿಗೆ ಬಂದ ದಿನಗಳಲ್ಲಿ, ಅದರ ಜೊತೆ ನಡೆದು ಬರುವ ವಾರಕರಿಗಳಿಗೆ ನೀವು ಭಾಕ್ರಿ ಬಡಿಯುತ್ತಿದ್ದಿರಿ, ನಾನು ಇಲ್ಲಿ ಕೂತು ಈಕೆ ಯಾಕೆ ಉತ್ತರ ಬರೆಯಲಿಲ್ಲ ಎಂದು ಸಿಡಿಮಿಡಿ ಮಾಡಿಕೊಳ್ಳುತ್ತಿದ್ದೆ. ಪ್ರವಚನ! ದೇವರೇ, ನನ್ನದೇ ಪಾಠವಲ್ಲವೇ ಅದು.

ನನಗೆ ಏನೂ ತೋಚುತ್ತಿಲ್ಲ. ಆದರೆ ಇನ್ನು ಒಂದು ದಿನವೂ ಕದ್ದು ಓದುವುದು ಬೇಡ. ಈಗಲೇ ಅವ್ವನಿಗೆ ಫೋನ್ ಮಾಡುತ್ತೇನೆ.

7 ಆಗಸ್ಟ್ 2025

ಮಾಡಬೇಡಿ.

ನಿಗಡಿ
8 ಆಗಸ್ಟ್ 2025

ವೈನಿ,

ನಿಮ್ಮ ಆ ಒಂದು ಮಾತು ನಾನು ನೋಡುವಷ್ಟರಲ್ಲಿ ಫೋನ್ ಮಾಡಿ ಆಗಿತ್ತು.

ಆದರೆ ಗಾಬರಿಯಾಗಬೇಡಿ. ನೀವು ಸುಮ್ಮನೆ ಹೆದರಿದ್ದಿರಿ. ಅವ್ವನಿಗೆ ಎಲ್ಲ ಹೇಳಿದೆ. ಪ್ರಬಂಧದ ವಿಷಯ, ಪರೀಕ್ಷೆಯ ವಿಷಯ, ಎಲ್ಲ. ಅವ್ವ, "ಆತವಾ. ಓದಲಿ" ಎಂದಳು. ಇಷ್ಟೇ ನೋಡಿ. ಹನ್ನೊಂದು ವರ್ಷದ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಈಗ ನಿರಾಳವಾಗಿ ನಡುಮನೆಯಲ್ಲೇ ಕೂತು ಓದಿ.

ಶೈಲಾ

ನಿಗಡಿ
30 ಆಗಸ್ಟ್ 2025

ವೈನಿ,

ಇದು ನಾನು ಬರೆಯುತ್ತಿರುವ ನಾಲ್ಕನೆಯ ಪತ್ರ. ಒಂದನ್ನೂ ನೀವು ತೆರೆದಿಲ್ಲ. ಆ್ಯಪ್ ತೆರೆದು ಮೂರು ವಾರವಾಯಿತು ಎಂದು ತೋರಿಸುತ್ತಿದೆ. ನಿಮ್ಮ ನಂಬರಿಗೆ ಮಾಡಿದರೆ ಅಣ್ಣ ಎತ್ತುತ್ತಾನೆ, ಹಿಂದೆ ಅವನ ಕಿರಾಣಿ ಅಂಗಡಿಯ ಗದ್ದಲ. ಅವ್ವನಿಗೆ ಮಾಡಿದರೆ, "ಆಕಿ ಕೆಲಸದಾಗ ಅದಾಳವಾ" ಎನ್ನುತ್ತಾಳೆ, ಪ್ರತಿ ಸಲವೂ ಅದೇ ಮಾತು.

ಏನಾಯಿತು? ಅವ್ವ ಆತು ಅಂದಿದ್ದಳಲ್ಲ? ಒಂದಕ್ಷರ ಬರೆಯಿರಿ.

ಶೈಲಾ

ಸಾಸವಡ
11 ಸೆಪ್ಟೆಂಬರ್ 2025

ಶೈಲಕ್ಕಾ,

ಇದನ್ನು ಮಗನ ಶಾಲೆಯ ಪಟ್ಟಿಯಿಂದ ಹರಿದ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಹಿಟ್ಟಿನ ಗಿರಣಿಯ ದಾರಿಯಲ್ಲಿ ಅಂಚೆ ಡಬ್ಬಿ ಇದೆ. ವಿಳಾಸ ನಿಮ್ಮ ವಾರಪತ್ರಿಕೆಯ ಮೇಲಿನ ಚೀಟಿಯಿಂದ ಸಿಕ್ಕಿತು. ಅಂತೂ ಅವು ಕೆಲಸಕ್ಕೆ ಬಂದವು.

ನಿಮ್ಮ ಅವ್ವ ಬೈಯಲಿಲ್ಲ. ನಿಮ್ಮ ಫೋನ್ ಬಂದ ದಿನ ನನ್ನನ್ನು ಎದುರಿಗೆ ಕೂಡಿಸಿಕೊಂಡರು. "ಪ್ರವಚನಾ ಅಂತ ಹೇಳಿದ್ಯಲ್ಲ. ಓಣ್ಯಾಗೆಲ್ಲಾ ನಾನು ನನ್ನ ಸೊಸಿ ಪ್ರವಚನಾ ಕೇಳತಾಳಂತ ಹೇಳಕೋತ ತಿರುಗೀನಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮರುದಿನ ಫೋನ್ ಅಂಗಡಿಗೆ ಹೋಯಿತು. ಗಿರಾಕಿಗಳು ಸಾಮಾನಿನ ಯಾದಿ ಕಳಿಸಲು ಎರಡನೆಯ ನಂಬರ್ ಬೇಕಂತೆ. ಓದಬೇಡ ಎಂದು ಯಾರೂ ಅಂದಿಲ್ಲ. "ಆತು, ಓದಲಿ" ಎಂದು ಅವ್ವ ನಿಮಗೆ ಕೊಟ್ಟ ಮಾತು ಇನ್ನೂ ಹಾಗೇ ಇದೆ. ಓದಲು ಏನೂ ಉಳಿಸಿಲ್ಲ, ಅಷ್ಟೇ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ಪಾಠದ ಮೊದಲ ಮಾತಿಗೇ ನಿಮ್ಮ ದನಿ ಗುರುತು ಹಿಡಿದೆ. ಕೈಯಲ್ಲಿದ್ದ ಭಾಕ್ರಿ ಹೊತ್ತಿಹೋಯಿತು. ಮದುವೆಯಲ್ಲಿ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ನಿಮ್ಮಣ್ಣ ನನಗೆ ಸಪ್ನಾ ಎಂದು ಹೊಸ ಹೆಸರು ಬರೆದರು. ಭೀಮವ್ವ ಮುದುಕಿಯರ ಹೆಸರು, ಪುಣೆಯ ಬೀಗರ ಮುಂದೆ ಕರೆಯಲು ಚಂದವಿಲ್ಲ ಎಂಬುದು ಅವ್ವನ ಮಾತು. ನೀವು ರಕ್ಷಿತಾಳ ಬಾಣಂತಿ, ಬಂದಿರಲಿಲ್ಲ, ನನ್ನ ಹಳೆಯ ಹೆಸರು ನಿಮ್ಮ ಕಿವಿಗೆ ಬೀಳಲೇ ಇಲ್ಲ. ಮುಂದೆ ವೈನಿ ಎಂದು ಕರೆದರೆ ಸಾಕಾಗುತ್ತಿತ್ತು, ಹೆಸರು ಬೇಕಾಗಲಿಲ್ಲ. ಶಾಲೆಯ ದಾಖಲೆಯಲ್ಲಿ ಮಾತ್ರ ಭೀಮವ್ವ ಉಳಿದಿದ್ದಳು, ಅವಳ ಹೆಸರಿನಲ್ಲೇ ಸೇರಿದೆ. ನಿಮಗೆ ಗೊತ್ತಾಗುವುದಿಲ್ಲ ಎಂದು ಗೊತ್ತಿತ್ತು.

ಯಾಕೆ ಹೇಳಲಿಲ್ಲ ಎಂದರೆ, ಮೇಡಂ ಮೇಲೆ ನನಗೆ ನಂಬಿಕೆ ಇತ್ತು. ನಾದಿನಿಯ ಮೇಲೆ ಇರಲಿಲ್ಲ. ಆಗಸ್ಟ್ ಏಳಕ್ಕೆ ನನ್ನ ಪತ್ರ ಓದಿದ್ದು ಮೇಡಂ, ಫೋನ್ ಮಾಡಿದ್ದು ನಾದಿನಿ. ಇದನ್ನು ಬರೆಯುವಾಗ ನನಗೆ ಸಿಟ್ಟೂ ಇದೆ, ಅಳುವೂ ಬರುತ್ತಿದೆ. ಸಿಟ್ಟೇ ಹೆಚ್ಚು.

ಈಗ ಕೆಲಸದ ಮಾತು. ಪರೀಕ್ಷೆಗೆ ಒಂದು ತಿಂಗಳಿದೆ. ನನಗೆ ಬೇಕಾದ್ದು ಒಂದು ಫೋನು, ಒಂದು ಬಾಗಿಲು. ನನ್ನನ್ನು ಓದಲು ಕಳಿಸಿ ಎಂದು ಇನ್ನು ಯಾರಿಗೂ ಕೇಳಬೇಡಿ. ನಿಮಗೆ ಬೆನ್ನು ಹಿಡಿದಿದೆ, ಏಳಲು ಕೂಡಲು ಆಗುತ್ತಿಲ್ಲ, ಅಡಿಗೆಗೆ ಯಾರೂ ಇಲ್ಲ ಎಂದು ಅವ್ವನಿಗೆ ಹೇಳಿ. ಹೇಳುವಾಗ ಒಂಚೂರು ನರಳಿ. ಏನಾಗುತ್ತದೆ ನೀವೇ ನೋಡಿ.

ಭೀಮವ್ವ

ನಿಗಡಿ
12 ಅಕ್ಟೋಬರ್ 2025, ಬೆಳಿಗ್ಗೆ

ವೈನಿ,

ನೀವು ಸ್ನಾನಕ್ಕೆ ಹೋಗಿದ್ದೀರಿ, ಈ ಚೀಟಿಯನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದೇನೆ. ಎದುರಿಗೆ ನಿಂತರೆ ಏನಾದರೂ ಬುದ್ಧಿ ಹೇಳಿಬಿಡುತ್ತೇನೆ ಎಂಬ ಭಯ ನನಗೆ.

ರಕ್ಷಿತಾ ಮತ್ತು ನಮ್ಮವರನ್ನು ಕರೆದುಕೊಂಡು ಹೊರಗೆ ಹೋಗುತ್ತೇನೆ. ಪರೀಕ್ಷೆ ಮುಗಿದ ಮೇಲೇ ಬರುತ್ತೇವೆ. ಹೊರಗಿನಿಂದ ಬೀಗ ಹಾಕಲಾ ಎಂದು ಇವರು ಕೇಳಿದರು. ಬೇಡ, ಒಳಗಿನ ಚಿಲಕ ಅವರೇ ಹಾಕಿಕೊಳ್ಳಲಿ ಎಂದೆ. ಫೋನ್ ಪೂರ್ತಿ ಚಾರ್ಜ್ ಆಗಿದೆ. ಚಹಾ ಥರ್ಮಾಸಿನಲ್ಲಿದೆ, ನಾನು ಮಾಡಿದ್ದು, ಕ್ಷಮಿಸಿ.

ಒಂದು ಮಾತು ಇಷ್ಟು ದಿನ ನುಂಗಿಕೊಂಡಿದ್ದೆ. ಅಂದು ನಾನು ಫೋನಿನಲ್ಲಿ ನರಳಿ ಮುಗಿಸುವ ಮೊದಲೇ ಅವ್ವ, "ನಾಳೆ ಮುಂಜಾನೆ ಮೊದಲ ಬಸ್ಸಿಗೆ ಕಳಸ್ತೀನಿ. ಒಂದ್ ತಿಂಗಳ ಬೇಕಾದ್ರ ಇಟ್ಕೊ" ಎಂದಳು. ಮಗನನ್ನು ಶಾಲೆಗೆ ಕಳಿಸುವುದು, ಒಲೆ, ಎಲ್ಲ ತಾನೇ ನೋಡಿಕೊಳ್ಳುತ್ತಾಳಂತೆ. ಯಾವ ಒಲೆಯ ಮುಂದೆ ನಿಮ್ಮ ಹೊರತು ಯಾರೂ ಇಲ್ಲ ಎಂದಿದ್ದಳೋ ಅದೇ ಒಲೆ. ಫೋನ್ ಇಟ್ಟ ಮೇಲೆ ನನಗೆ ನಿಜವಾಗಿಯೇ ಬೆನ್ನು ನೆಟ್ಟಗೆ ಮಾಡಲು ಆಗಲಿಲ್ಲ.

ಸಮಾಜಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವಿದೆ. ವರ್ಷವರ್ಷ ಪಾಠ ಮಾಡುತ್ತೇನೆ. ಆ ಮನೆ ನನ್ನದೆಂದು ಗೊತ್ತಿರಲಿಲ್ಲ.

ಚೆನ್ನಾಗಿ ಬರೆಯಿರಿ.

ಶೈಲಾ

ಸಾಸವಡ
30 ಡಿಸೆಂಬರ್ 2025

ಶೈಲಕ್ಕಾ,

ಮೊನ್ನೆ ನೀವು ಫೋನಿನಲ್ಲಿ ಅವ್ವನ ಜೊತೆ ಸಂಕ್ರಾಂತಿಯ ಎಳ್ಳಿನ ವಿಷಯ ಮಾತಾಡಿ, ಫೋನು ನನ್ನ ಕೈಗೆ ಕೊಡಿಸಿ, "ಪಾಸು, ಮೊದಲ ದರ್ಜೆ. ಪ್ರಮಾಣಪತ್ರ ಎಲ್ಲಿಗೆ ಕಳಿಸಲಿ?" ಎಂದಿರಿ. ಅವ್ವ ಪಕ್ಕದಲ್ಲೇ ಶೇಂಗಾ ಸುಲಿಯುತ್ತಿದ್ದರು. "ಹ್ಞೂಂರಿ, ಬೆಲ್ಲ ಭಾಳ ಛೊಲೊ ಅದರಿ" ಎಂದೆ. ಮೊದಲ ದರ್ಜೆಗೆ ನಾನು ಕೊಟ್ಟ ಉತ್ತರ ಅದು.

ನಿಗಡಿಯಲ್ಲೇ ನಿಮ್ಮ ಕಪಾಟಿನಲ್ಲಿ ಇರಲಿ ಎಂದು ಮೊದಲು ಅನಿಸಿತು. ಎರಡು ದಿನ ವಿಚಾರ ಮಾಡಿದೆ. ಇಲ್ಲಿಗೇ ಕಳಿಸಿ. ಅದರ ಮೇಲಿರುವ ಹೆಸರಿಗೇ ಕಳಿಸಿ. ರಿಜಿಸ್ಟರ್ ಮಾಡಿಸಿ, ಸಹಿ ತೆಗೆದುಕೊಳ್ಳದೆ ಕೊಡುವುದಿಲ್ಲವಲ್ಲ, ಹಾಗೆ. ಈ ಸಲ ನೀವು ಕೇಳಿದಿರಿ, ನಾನು ಹೇಳುತ್ತಿದ್ದೇನೆ. ಮುಂದೆ ಏನಾದರೂ ಅದು ನನ್ನದು.

ಭೀಮವ್ವ

ಸಾಸವಡ
20 ಜನವರಿ 2026

ಶೈಲಕ್ಕಾ,

ಇಂದು ಬಂತು.

ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಅಂಚೆಯವನು ಅಂಗಡಿಯ ಮುಂದೆ ನಿಂತು, "ಭೀಮವ್ವಾ ಕೋಣ ಆಹೆ?" ಎಂದು ಕೂಗಿದ. ಭೀಮವ್ವ ಯಾರು ಎಂದು. ನಿಮ್ಮಣ್ಣ ತಲೆ ಎತ್ತದೆ, "ಇಥೆ ಅಸಂ ಕೋಣಿ ನಾಹಿ" ಎಂದರು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲವಂತೆ. ಉಂಗುರದಿಂದ ಅಕ್ಕಿಯಲ್ಲಿ ಹೊಸ ಹೆಸರು ಬರೆದ ಕೈಯಲ್ಲಿ ತಕ್ಕಡಿ ಹಿಡಿದುಕೊಂಡೇ ಅಂದರು. ಸುಳ್ಳು ಹೇಳಲಿಲ್ಲ ಅವರು, ನಿಜವಾಗಿಯೂ ಮರೆತಿದ್ದರು. ಬೇಕೆಂದು ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅಂಚೆಯವನು ಲಕೋಟೆಯನ್ನು ಚೀಲಕ್ಕೆ ಹಾಕತೊಡಗಿದ್ದ. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅವ್ವ ಗಲ್ಲಾದ ಪಕ್ಕದಲ್ಲಿ ಕೂತಿದ್ದರು.

"ನಾನ ಭೀಮವ್ವ. ತಾ ಇಲ್ಲಿ" ಎಂದು ಕನ್ನಡದಲ್ಲೇ ಅಂದೆ. ಅವನಿಗೆ ತಿಳಿಯಿತು. ಸಹಿ ಹಾಕಿದೆ, ಕಾಗದಕ್ಕೆ ಹಿಟ್ಟು ಹತ್ತಿತು.

ನಿಮ್ಮಣ್ಣ ಲಕೋಟೆ ಇಸಿದುಕೊಂಡು ಒಡೆದು, ಹೆಸರು, ಪರೀಕ್ಷೆಯ ತಿಂಗಳು ಎಲ್ಲ ಗಟ್ಟಿಯಾಗಿ ಓದಿದರು. ಮತ್ತೆ ಮೊದಲಿನಿಂದ ಓದಿದರು. ಅವ್ವ, "ಹಂಗಾರ ಶೈಲಾನ ಬೆನ್ನು?" ಎಂದು ಕೇಳಿದರು.

"ನೆಟ್ಟಗದರಿ" ಎಂದೆ.

ಅವ್ವ ಎದ್ದು ಒಳಗೆ ಹೋದರು. ನಿಮಗೆ ಫೋನ್ ಬರುತ್ತದೆ, ಸಿದ್ಧವಾಗಿರಿ. ಅವರಿಗೆ ಎರಡನೆಯ ಸಲ ಮೋಸವಾಗಿದೆ, ಅದೂ ಮಗಳಿಂದ. ನನಗೆ ಅವರ ಮುಖ ನೋಡಲು ಆಗುತ್ತಿಲ್ಲ, ಆದರೆ ತಪ್ಪು ಮಾಡಿದೆ ಅನಿಸುತ್ತಲೂ ಇಲ್ಲ.

ಮಧ್ಯಾಹ್ನ ನಿಮ್ಮಣ್ಣ ಊಟಕ್ಕೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಏನೋ ಕರೆಯಲು ಬಾಯಿ ತೆರೆದರು, ಹೆಸರು ಹೊರಡಲಿಲ್ಲ. ಅಷ್ಟರಲ್ಲಿ ಒಳಕೋಣೆಯಿಂದ ಅವ್ವ ಕೂಗಿದರು. ಸಿಟ್ಟಿನಿಂದ ಕೂಗಿದರೋ, ಕುಟುಕಲು ಕೂಗಿದರೋ ನನಗೆ ಗೊತ್ತಾಗಲಿಲ್ಲ. ಗಟ್ಟಿಯಾಗಿಯೇ ಕೂಗಿದರು.

"ಭೀಮವ್ವಾ, ಅಂವಗ ಊಟಕ್ಕ ಹಾಕು."

ಈ ಮನೆಗೆ ಬಂದ ಮೇಲೆ ಮೊದಲ ಸಲ ಶೈಲಕ್ಕಾ. ನಾನು ತಾಟು ಎತ್ತಿಕೊಂಡೆ. "ಬಂದೆರಿ" ಎಂದೆ.

ಭೀಮವ್ವ